ಪುಟ್ಟ ಮಕ್ಕಳ ಹುಟ್ಟುಹಬ್ಬಕ್ಕೆ ಸರಳ ಊಟ ತಿಂಡಿ: ಕೊಡಗಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದರಿಂದ ಆರು ವರ್ಷದ ಮಕ್ಕಳ ಹುಟ್ಟುಹಬ್ಬವನ್ನು ಮನೆಯಲ್ಲೇ ಮಾಡುವವರಿಗಾಗಿ ಇದನ್ನು ಬರೆದಿದ್ದೇನೆ. ಮಡಿಕೇರಿಯ ಬಾಡಿಗೆ ಮನೆಯಾಗಲಿ, ಪೊನ್ನಂಪೇಟೆ ಕಡೆಯ ತೋಟದ ಮನೆಯಾಗಲಿ, ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹುಟ್ಟುಹಬ್ಬ ಮಗುವಿನದು, ಹಾಗಾಗಿ ಅಡುಗೆಯೂ ಮಕ್ಕಳ ಬಾಯಿಗೆ, ಮಕ್ಕಳ ಹೊತ್ತಿಗೆ ಸರಿಯಾಗಿರಬೇಕು. ದೊಡ್ಡವರ ಊಟ ಆಮೇಲಿನ ಮಾತು.

ಎಷ್ಟು ಬಗೆ ಮಾಡಿದರೆ ಸಾಕು?

ಹೊಟ್ಟೆ ತುಂಬುವಂಥದ್ದು ಒಂದು, ಹಣ್ಣು ಒಂದು, ಸಿಹಿ ಒಂದು. ಕೇಕ್ ಇದ್ದರೆ ಸಿಹಿ ಮುಗಿಯಿತು. ಅದರ ಮೇಲೆ ಜಾಮೂನು, ಐಸ್‌ಕ್ರೀಮ್, ಚಾಕಲೇಟ್ ಎಲ್ಲ ಬೇಡ.

ಮೂರು ವರ್ಷದ ಮಗುವಿನ ಮುಂದೆ ಎಂಟು ಬಗೆ ಇಟ್ಟು ನೋಡಿ. ಎಲ್ಲದಕ್ಕೂ ಒಂದೊಂದು ಸಲ ಬೆರಳು ಅದ್ದಿ, ಕೊನೆಗೆ ಚಿಪ್ಸ್ ಹಿಡಿದುಕೊಂಡು ಓಡುತ್ತದೆ. ಮಕ್ಕಳು ತಿನ್ನುವುದು ಗೊತ್ತಿರುವ ರುಚಿಯನ್ನು. ಅದೂ ಗಲಾಟೆ, ಬಲೂನು, ಹೊಸ ಮುಖಗಳ ನಡುವೆ ಹೊಸ ತಿಂಡಿ ತಿನ್ನುವ ಮಗು ತೀರಾ ಅಪರೂಪ. ಹಾಗಾಗಿ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಮಾಡುವ ತಿಂಡಿಯನ್ನೇ ಆರಿಸಿಕೊಳ್ಳಿ.

ಯಾವ ಹೊತ್ತಿಗೆ ಕರೆಯುವುದು ಒಳ್ಳೆಯದು?

ಹೊತ್ತು ಸರಿಯಾದರೆ ಅಡುಗೆಯ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ, ಮೂರೂವರೆಯಿಂದ ಐದೂವರೆವರೆಗೆ ಇಟ್ಟುಕೊಳ್ಳಿ. ಆಗ ತಿಂಡಿ ಸಾಕು, ಪೂರ್ತಿ ಊಟ ಬೇಕಾಗಿಲ್ಲ. ಏಳು ಗಂಟೆಗೆ ಕರೆದರೆ ಕೇಕ್ ಕತ್ತರಿಸುವಾಗ ಎಂಟಾಗುತ್ತದೆ. ಹಸಿವು, ನಿದ್ದೆ ಎರಡೂ ಸೇರಿ ಮಕ್ಕಳು ಅಳುತ್ತವೆ, ಹುಟ್ಟುಹಬ್ಬದ ಮಗುವೇ ಎಲ್ಲರಿಗಿಂತ ಜಾಸ್ತಿ ಅಳುತ್ತದೆ.

ನಮ್ಮಲ್ಲಿ ಇನ್ನೂ ಒಂದು ಕಾರಣ ಇದೆ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಓಡಾಟ ಇರುತ್ತದೆ. ಮಡಿಕೇರಿ ಕಡೆ ಮಂಜು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಬಂದವರು ಬೆಳಕಿದ್ದಾಗಲೇ ಮನೆ ಸೇರುವಂತಿರಬೇಕು. ಬೆಳಗ್ಗೆ ಹತ್ತೂವರೆಗೆ ಇಟ್ಟುಕೊಂಡು ಹನ್ನೆರಡೂವರೆಗೆ ಊಟ ಬಡಿಸುವುದೂ ಒಳ್ಳೆಯದೇ, ರಜಾ ದಿನವಾದರೆ.

ಕೇಕ್ ಮೊದಲೋ, ತಿಂಡಿ ಮೊದಲೋ?

ತಿಂಡಿ ಮೊದಲು. ಕೇಕ್ ತಿಂದ ಮಗು ಆಮೇಲೆ ಏನೂ ತಿನ್ನುವುದಿಲ್ಲ. ಬಂದ ಅರ್ಧ ಗಂಟೆಯಲ್ಲಿ ಮಕ್ಕಳನ್ನು ಸಾಲಾಗಿ ಚಾಪೆಯ ಮೇಲೆ ಕೂರಿಸಿ ಬಡಿಸಿಬಿಡಿ. ಹೊಟ್ಟೆ ತುಂಬಿದ ಮಕ್ಕಳು ಆಟವನ್ನೂ ಜಗಳವಿಲ್ಲದೆ ಆಡುತ್ತವೆ.

ನಮ್ಮ ಕಡೆಯ ಅಡುಗೆಯಲ್ಲಿ ಮಕ್ಕಳಿಗೆ ಯಾವುದು ಹೊಂದುತ್ತದೆ?

ಇದಕ್ಕೆ ಬೇರೆ ಕಡೆ ಹುಡುಕುವುದೇ ಬೇಡ. ಕೊಡಗಿನ ಅಕ್ಕಿ ತಿಂಡಿಗಳು ಮಕ್ಕಳಿಗೆಂದೇ ಮಾಡಿದ ಹಾಗಿವೆ. ಮೆತ್ತಗೆ, ಖಾರವಿಲ್ಲದೆ, ಹಬೆಯಲ್ಲಿ ಬೆಂದದ್ದು. ಎಣ್ಣೆಯ ಬಾಣಲೆ ಒಲೆಯ ಮೇಲೆ ಇಲ್ಲದಿದ್ದರೆ ಮಕ್ಕಳು ಓಡಾಡುವ ಮನೆಯಲ್ಲಿ ಅದೊಂದು ನೆಮ್ಮದಿ ಬೇರೆ.

ಪಾಪುಟ್ಟು ನನ್ನ ಮೊದಲ ಆಯ್ಕೆ. ಒಂದು ಲೋಟ ಅಕ್ಕಿ ತರಿಯನ್ನು ತೊಳೆದು, ಒಂದೂವರೆ ಲೋಟ ನೀರಲ್ಲಿ ಸ್ವಲ್ಪ ಹೊತ್ತು ನೆನೆಯಲು ಬಿಡಿ. ಅದಕ್ಕೆ ಒಂದು ಲೋಟ ಹಾಲು, ಒಂದು ದೊಡ್ಡ ಹಿಡಿ ತೆಂಗಿನ ತುರಿ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ, ಕುಟ್ಟಿದ ಏಲಕ್ಕಿ ಸೇರಿಸಿ. ಅಂಚಿರುವ ತಟ್ಟೆಗೆ ಅರ್ಧ ಇಂಚು ದಪ್ಪಕ್ಕೆ ಸುರಿದು, ಹಬೆಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಇಲ್ಲಿ ಒಂದು ಮಾತು: ತರಿ ತಳಕ್ಕೆ ಇಳಿದುಬಿಡುತ್ತದೆ. ಒಂದೊಂದು ತಟ್ಟೆಗೆ ಸುರಿಯುವ ಮೊದಲೂ ಸೌಟಿನಿಂದ ತಳ ಸೇರಿಸಿ ಕದಡಿ. ಇಲ್ಲದಿದ್ದರೆ ಮೊದಲ ತಟ್ಟೆ ಬರೀ ಹಾಲು, ಕೊನೆಯ ತಟ್ಟೆ ಬರೀ ತರಿ ಆಗುತ್ತದೆ. ಬೆಂದದ್ದು ಆರಿದ ಮೇಲೆ ಸಣ್ಣ ಬಟ್ಟಲಿನ ಬಾಯಿಂದ ಒತ್ತಿ ಗುಂಡಗೆ ಕತ್ತರಿಸಿ. ಬಿಸ್ಕತ್ತಿನ ಅಚ್ಚಿದ್ದರೆ ನಕ್ಷತ್ರ, ಮೀನು ಏನು ಬೇಕಾದರೂ ಮಾಡಿ. ಬಿಳಿ ನಕ್ಷತ್ರದ ಮೇಲೆ ಒಂದು ಚೂರು ಬಾಳೆಹಣ್ಣು ಇಟ್ಟರೆ ಮಕ್ಕಳು ತಾವೇ ಕೈ ಹಾಕುತ್ತವೆ.

ಇನ್ನೊಂದು ಕಡಂಬುಟ್ಟು. ಒಂದು ಲೋಟ ತರಿಗೆ ಎರಡೂವರೆಯಿಂದ ಮೂರು ಲೋಟ ನೀರು. ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುದಿಸಿ, ತರಿ ಸುರಿದು ಗಟ್ಟಿ ಉಪ್ಪಿಟ್ಟಿನ ಹದಕ್ಕೆ ಬಂದಾಗ ಮುಚ್ಚಿಡಿ. ಕೈ ಸುಡದಷ್ಟು ಆರಿದಾಗ ನಾದಿ ಉಂಡೆ ಕಟ್ಟಿ ಹಬೆಗಿಡಿ. ಮಕ್ಕಳಿಗೆ ದೊಡ್ಡವರ ಅರ್ಧದಷ್ಟು ಸಾಕು. ಆದರೆ ಉಂಡೆಯಾಗಿ ಬಿಡಬೇಡಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ. ಇಡೀ ಉಂಡೆಯನ್ನು ಬಾಯಿಗೆ ತುರುಕಿಕೊಳ್ಳುವುದು ತಪ್ಪುತ್ತದೆ. ಚಿಕ್ಕವರಿಗೆ ಪುಡಿ ಮಾಡಿ, ಖಾರ ಹಾಕದ ಬೇಳೆ ಸಾರಿನಲ್ಲಿ ನೆನೆಸಿ ಕೊಡಿ.

ನೂಪುಟ್ಟೂ (ಅಕ್ಕಿ ಶಾವಿಗೆ) ಚೆನ್ನಾಗಿರುತ್ತದೆ, ಆದರೆ ಅದನ್ನು ಒತ್ತಲು ಇಬ್ಬರು ಬೇಕು. ಅತ್ತೆ, ಅಮ್ಮ, ಚಿಕ್ಕಮ್ಮ ಯಾರಾದರೂ ಕೈಜೋಡಿಸಿದರೆ ಮಾತ್ರ ಕೈ ಹಾಕಿ. ಇವು ಯಾವುದೂ ರೂಢಿ ಇಲ್ಲದ ಮನೆಯಾದರೆ ಸಣ್ಣ ಇಡ್ಲಿ, ತರಕಾರಿ ಹಾಕಿದ ಮೆತ್ತನೆಯ ಪಲಾವ್, ತುಪ್ಪ ಅನ್ನ, ಮೊಸರನ್ನ. ಮೊಸರನ್ನವನ್ನು ಯಾರೂ ಪಾರ್ಟಿಗೆ ಯೋಚಿಸುವುದಿಲ್ಲ. ಸಣ್ಣ ಬಟ್ಟಲಲ್ಲಿ ಕ್ಯಾರೆಟ್ ತುರಿ ಹಾಕಿ ಕೊಟ್ಟರೆ ಮೊದಲು ಖಾಲಿಯಾಗುವುದು ಅದೇ.

ಹದಿನೈದು ಮಕ್ಕಳು, ಇಪ್ಪತ್ತು ಜನ ದೊಡ್ಡವರು. ಅಳತೆ ಹೇಗೆ?

ಪಲಾವ್ ಮಾಡುವುದಾದರೆ ದೊಡ್ಡವರಿಗೆ ತಲೆಗೆ 100 ಗ್ರಾಂ ಅಕ್ಕಿ, ಚಿಕ್ಕ ಮಕ್ಕಳಿಗೆ 40 ಗ್ರಾಂ ಲೆಕ್ಕ ಹಿಡಿಯಿರಿ. ನಿಮ್ಮ ಲೆಕ್ಕಕ್ಕೆ ಎರಡು ಕಿಲೋ 600 ಗ್ರಾಂ ಬರುತ್ತದೆ. ಮೂರು ಕಿಲೋ ಹಾಕಿದರೆ ಧಾರಾಳ. ಪಾಪುಟ್ಟಾದರೆ ಮಗುವಿಗೆ ಅಂಗೈ ಅಗಲದ ತುಂಡು ಎರಡು, ಕಡಂಬುಟ್ಟು ಸಣ್ಣದಾದರೆ ಎರಡು. ಒಂದು ಕಿಲೋ ಕೇಕ್‌ನಲ್ಲಿ ಮಾಮೂಲಿ ಗಾತ್ರದ ಹತ್ತು ಹನ್ನೆರಡು ತುಂಡು ಬರುತ್ತದೆ. ಎಲ್ಲರಿಗೂ ಕೇಕ್ ಕೊಡಬೇಕೆಂದರೆ ಎರಡು ಕಿಲೋ ಬೇಕು, ಅದೂ ತುಂಡು ಸಣ್ಣದು ಮಾಡಿದರೆ. ದೊಡ್ಡವರಿಗೆ ಪಾಯಸ ಮಾಡಿಬಿಟ್ಟರೆ ಒಂದು ಕಿಲೋದಲ್ಲೇ ಮಕ್ಕಳೆಲ್ಲರಿಗೂ ಆಗುತ್ತದೆ.

ಮಕ್ಕಳ ತಟ್ಟೆಗೆ ಮೊದಲು ಕಡಿಮೆ ಬಡಿಸಿ, ಕೇಳಿದರೆ ಮತ್ತೆ ಹಾಕಿ. ತುಂಬಿದ ತಟ್ಟೆ ನೋಡಿದರೆ ಎಷ್ಟೋ ಮಕ್ಕಳಿಗೆ ತಿನ್ನುವ ಮನಸ್ಸೇ ಹೋಗುತ್ತದೆ.

ಪಂದಿ ಕರಿ (ಹಂದಿ ಮಾಂಸದ ಅಡುಗೆ) ಇಲ್ಲದಿದ್ದರೆ ನೆಂಟರು ಏನಂದುಕೊಳ್ಳುತ್ತಾರೆ?

ಈ ಪ್ರಶ್ನೆ ಬರದ ಮನೆ ಕಡಿಮೆ. ನೆಂಟರು ಊಟಕ್ಕೆ ನಿಲ್ಲುವುದಾದರೆ ಮಾಡಿ, ತಪ್ಪೇನಿಲ್ಲ. ಹಿಂದಿನ ದಿನವೇ ಮಾಡಿ ತಣ್ಣಗಾದ ಮೇಲೆ ಫ್ರಿಜ್‌ನಲ್ಲಿಟ್ಟರೆ, ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಹಿಡಿದು ರುಚಿ ಇನ್ನೂ ಕೂಡುತ್ತದೆ. ಮರುದಿನ ಚೆನ್ನಾಗಿ ಕುದಿಸಿದರೆ ಆಯಿತು. ಆದರೆ ಅದು ದೊಡ್ಡವರ ಊಟ. ಮೆಣಸು, ಖಾರ, ಹುಳಿ ಎಲ್ಲ ಮಕ್ಕಳಿಗೆ ಜಾಸ್ತಿಯೇ.

ಇನ್ನೊಂದು ವಿಷಯ ನೋಡಬೇಕು. ಮಗುವಿನ ಗೆಳೆಯರು ಅಂದರೆ ಕೊಡವರ ಮಕ್ಕಳು, ಅರೆಭಾಷೆಯ ಗೌಡರ ಮಕ್ಕಳು, ಮುಸ್ಲಿಂ ಮಕ್ಕಳು, ಮಾಂಸ ತಿನ್ನದ ಮನೆಯ ಮಕ್ಕಳು, ಎಲ್ಲರೂ ಒಟ್ಟಿಗೆ ಬರುತ್ತಾರೆ. ನಮ್ಮ ಊರುಗಳ ಚಂದವೇ ಅದು ಅಲ್ವಾ? ಹಾಗಾಗಿ ಮಕ್ಕಳ ತಟ್ಟೆಯಲ್ಲಿರುವುದನ್ನು ಪೂರ್ತಿ ಸಸ್ಯಾಹಾರವಾಗಿಯೇ ಇಡುವುದು ಎಲ್ಲರಿಗೂ ಸುಲಭ. ಯಾವ ಮಗುವಿಗೂ "ಅದು ನಿನಗಲ್ಲ" ಅಂತ ಹೇಳುವ ಸಂದರ್ಭ ಬರುವುದಿಲ್ಲ. ಮಾಂಸದ ಅಡುಗೆ ಇದ್ದರೆ ಪಾತ್ರೆ, ಸೌಟು, ಬಡಿಸುವ ಜಾಗ ಬೇರೆ ಇಡಿ. ಮುಸ್ಲಿಂ ಸ್ನೇಹಿತರಿಗೆ ಕೋಳಿ ಮಾಡುವುದಾದರೆ ಹಲಾಲ್ ಅಂಗಡಿಯಿಂದಲೇ ತಂದು, ಅದನ್ನು ಮೊದಲೇ ಅವರಿಗೆ ತಿಳಿಸಿ. ಕೇಳಲು ಅವರಿಗೂ ಮುಜುಗರ ಆಗುವುದಿಲ್ಲ.

ಕೋಳಿ ಕರಿ ಮಾಡುವಾಗ ಮಸಾಲೆ ಹಾಕುವ ಮೊದಲೇ, ಅರಿಶಿನ, ಉಪ್ಪು, ಈರುಳ್ಳಿಯಲ್ಲಿ ಬೆಂದ ತುಂಡುಗಳನ್ನು ಮನೆಯ ಮಕ್ಕಳಿಗೆ ತೆಗೆದಿಡಿ. ಮೂಳೆ ಬಿಡಿಸಿ, ಎಳೆ ಎಳೆಯಾಗಿ ಮಾಡಿ ಕೊಡಿ.

ನಮ್ಮ ಮಗುವಿಗೆ ಒಂದನೇ ವರ್ಷ. ಅದಕ್ಕೇ ಏನು ಕೊಡಲಿ?

ಮೊದಲು ಜೇನಿನ ವಿಷಯ. ಕೊಡಗಿನ ಜೇನು ಒಳ್ಳೆಯದು, ಮನೆಮನೆಯಲ್ಲೂ ಇರುತ್ತದೆ, ಅಜ್ಜಿಯಂದಿರು ಪ್ರೀತಿಯಿಂದ ನಾಲಿಗೆಗೆ ಹಚ್ಚುತ್ತಾರೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ಬೊಟ್ಯುಲಿಸಂ ಅಂತ ಆ ಕಾಯಿಲೆಗೆ ಹೆಸರು. ಮೈಕೈ ಸಡಿಲವಾಗಿ, ಉಸಿರಾಟಕ್ಕೇ ತೊಂದರೆ ಬರಬಹುದು. ಶುದ್ಧ ಜೇನಾದರೂ, ಬಿಸಿ ಮಾಡಿದರೂ ಈ ಅಪಾಯ ಹೋಗುವುದಿಲ್ಲ. ನಿಮ್ಮ ಮಗುವಿಗೆ ಒಂದು ತುಂಬಿರಬಹುದು, ಬಂದವರ ಕಂಕುಳಲ್ಲಿ ಎಂಟು ತಿಂಗಳ ಕೂಸೂ ಇರುತ್ತದೆ. ಪಾಪುಟ್ಟಿಗೆ ಜೇನು ಸುರಿದು ಇಡುವ ಬದಲು ಪಕ್ಕದಲ್ಲಿ ಬಟ್ಟಲಲ್ಲಿಡಿ.

ಎರಡು ವರ್ಷದವರೆಗೆ ಸಕ್ಕರೆ ಸೇರಿಸಿದ್ದು ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹಾಗಾಗಿ ಕೇಕಿನ ಕ್ರೀಮನ್ನು ಫೋಟೋಗೆಂದು ಮಗುವಿನ ಬಾಯಿಗೆ ಎಲ್ಲರೂ ಒಂದೊಂದು ಬೆರಳು ಇಡುವುದನ್ನು ನಿಲ್ಲಿಸಿ. ಎಷ್ಟೊಂದು ಕೈ, ಎಷ್ಟೊಂದು ಸಕ್ಕರೆ! ಅದರ ಬದಲು ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ, ಹುರಿದ ಅಕ್ಕಿ ತರಿ, ಸ್ವಲ್ಪ ನೀರು, ತೆಂಗಿನ ತುರಿ, ಏಲಕ್ಕಿ ಸೇರಿಸಿ, ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿ. ಹಣ್ಣಿನ ಸಿಹಿಯೇ ಸಾಕಾಗುತ್ತದೆ. ಅದರ ಮುಂದೆ ಒಂದು ಮೇಣದಬತ್ತಿ ಹಚ್ಚಿದರೆ ಅದೇ ಮಗುವಿನ ಕೇಕ್.

ಕೇಕ್ ಬೇಕರಿಯಿಂದ ತರಲೋ, ಮನೆಯಲ್ಲೇ ಮಾಡಲೋ?

ನಿಮಗೆ ರೂಢಿ ಇದ್ದರೆ ಮನೆಯಲ್ಲಿ. ಇಲ್ಲದಿದ್ದರೆ ಆ ದಿನ ಹೊಸದಾಗಿ ಕಲಿಯುವುದು ಬೇಡ. ಬೇಕರಿಗೆ ಹೇಳುವಾಗ ಬಣ್ಣ ಕಡಿಮೆ ಇರುವ ಕೇಕ್ ಕೇಳಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಅವುಗಳಲ್ಲಿ ಸೇರಿದ್ದವು. ಗಾಬರಿ ಬೀಳಬೇಕಿಲ್ಲ, ಹೆಚ್ಚಿನವು ಸರಿಯಾಗಿಯೇ ಇದ್ದವು. ಆದರೂ ನಾಲಿಗೆ ನೀಲಿಯಾಗುವ ಕೇಕ್ ಪುಟ್ಟ ಮಕ್ಕಳಿಗೆ ಯಾಕೆ? ಸಾದಾ ವೆನಿಲ್ಲಾ ಸ್ಪಂಜ್ ಮೇಲೆ ಹಣ್ಣು ಇಟ್ಟರೆ ಸಾಕು.

ನಮ್ಮ ತಿರುವಿನ ರಸ್ತೆಗಳಲ್ಲಿ ಕೇಕ್ ತರುವಾಗ ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ. ಕಾರಿನ ಮುಂದಿನ ಸೀಟಿನ ಕೆಳಗೆ, ಕಾಲಿಡುವ ಸಮತಟ್ಟು ಜಾಗದಲ್ಲಿ ಒಂದು ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಡಬ್ಬ ಇಡಿ. ಜಾರುವುದಿಲ್ಲ. ಕ್ರೀಮ್ ಕೇಕನ್ನು ಕತ್ತರಿಸುವವರೆಗೂ ಫ್ರಿಜ್‌ನಲ್ಲೇ ಇಡಿ.

ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಯಾವುದನ್ನು ಇಡಬಾರದು?

ಇದಕ್ಕೆ ದಯವಿಟ್ಟು ಗಮನ ಕೊಡಿ. ತೋಟದ ಮನೆಗಳಿಂದ ಆಸ್ಪತ್ರೆಗೆ ದಾರಿ ಉದ್ದ.

ಐದು ವರ್ಷದೊಳಗಿನವರು ಇದ್ದ ಕಡೆ ಇಡೀ ಕಡಲೆಕಾಯಿ, ಗೋಡಂಬಿ, ಬಾದಾಮಿ, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ, ಸಣ್ಣ ಬಟ್ಟಲಿನ ಜೆಲ್ಲಿ ಬೇಡವೇ ಬೇಡ. ಪಲಾವ್‌ಗೆ ಗೋಡಂಬಿ ಹಾಕುವ ಅಭ್ಯಾಸ ಇದ್ದರೆ ಅದನ್ನು ದೊಡ್ಡವರ ಪಾತ್ರೆಗೆ ಮಾತ್ರ ಹಾಕಿ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡಕ್ಕೆ ಕತ್ತರಿಸಿದರೆ ಗುಂಡಗೇ ಉಳಿಯುತ್ತದೆ. ಹಸಿ ಕ್ಯಾರೆಟ್ ತುಂಡು, ಸೇಬಿನ ತುಂಡಿನ ಬದಲು ತುರಿದೋ ಬೇಯಿಸಿಯೋ ಕೊಡಿ. ಒಡೆದ ಬಲೂನಿನ ಚೂರುಗಳನ್ನು ಆಗಿಂದಾಗ್ಗೆ ಹೆಕ್ಕಿಬಿಡಿ, ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡರೆ ಉಸಿರೇ ಕಟ್ಟುತ್ತದೆ.

ತಿನ್ನುವಾಗ ಕೂತೇ ತಿನ್ನಬೇಕು. ಓಡುತ್ತಾ, ನಗುತ್ತಾ, ಮಲಗಿಕೊಂಡು ತಿನ್ನುವುದು ಬೇಡ. ಮಕ್ಕಳ ಸಾಲಿನ ಹತ್ತಿರ ಒಬ್ಬರು ದೊಡ್ಡವರು ಬೇರೇನೂ ಕೆಲಸ ಇಟ್ಟುಕೊಳ್ಳದೆ ಕೂರಲಿ, ಫೋನ್ ಕೂಡ ಬೇಡ.

ಸಿಕ್ಕಿಕೊಂಡೇಬಿಟ್ಟರೆ? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಇಲ್ಲದೆ ಒದ್ದಾಡಿದರೆ ಮುಂದಕ್ಕೆ ಬಾಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಬರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ಅಪ್ಪಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ತಲೆ ತಗ್ಗಿಸಿ ಮಲಗಿಸಿ ಬೆನ್ನಿಗೆ ಐದು, ತಿರುಗಿಸಿ ಎದೆಯ ನಡುವೆ ಎರಡು ಬೆರಳಿಂದ ಐದು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ. ಇದನ್ನು ಓದಿದ್ದು ಸಾಲದು, ಗೊತ್ತಿರುವ ನರ್ಸ್ ಅಥವಾ ವೈದ್ಯರ ಹತ್ತಿರ ಒಮ್ಮೆ ಕೈಯಿಂದ ಮಾಡಿಸಿಕೊಂಡು ಕಲಿಯಿರಿ.

ಅಲರ್ಜಿ ಇರುವ ಮಕ್ಕಳು ಬಂದರೆ?

ಕರೆಯುವಾಗಲೇ ಕೇಳಿ. "ಮಗುವಿಗೆ ಆಗದ ತಿಂಡಿ ಏನಾದರೂ ಇದೆಯಾ?" ಅಂತ ವಾಟ್ಸಾಪ್ ಕರೆಯೋಲೆಯ ಕೆಳಗೆ ಒಂದು ಸಾಲು ಸಾಕು. ಕಡಲೆಕಾಯಿ, ಗೋಡಂಬಿ, ಹಾಲು, ಮೊಟ್ಟೆ, ಗೋಧಿ, ಇವು ಮುಖ್ಯವಾಗಿ ನೋಡಬೇಕಾದವು. ಹಾಲು ಆಗದ ಮಗುವಿಗೆ ಪಾಪುಟ್ಟನ್ನು ತೆಂಗಿನ ಹಾಲಲ್ಲಿ ಮಾಡಬಹುದು. ಆ ಮಗುವಿನ ತಟ್ಟೆಗೆ ಬೇರೆ ಚಮಚ ಬಳಸಿ. "ಸ್ವಲ್ಪ ತಿಂದರೆ ಏನಾಗಲ್ಲ" ಅನ್ನುವ ಹಿರಿಯರಿಗೆ ಮೊದಲೇ ವಿಷಯ ತಿಳಿಸಿಡಿ.

ಹಣ್ಣು, ಕುಡಿಯಲು ಏನು?

ಆಯಾ ಕಾಲಕ್ಕೆ ಸಿಗುವ ಹಣ್ಣು. ಡಿಸೆಂಬರ್, ಜನವರಿಯಲ್ಲಿ ಕೊಡಗಿನ ಕಿತ್ತಳೆ ಸಿಕ್ಕರೆ ಬೇರೆ ಹಣ್ಣು ಹುಡುಕಬೇಡಿ. ಸಿಪ್ಪೆ ಸಡಿಲ, ಮಕ್ಕಳೇ ಸುಲಿಯುತ್ತವೆ. ಬೀಜ ಮಾತ್ರ ನೀವು ತೆಗೆದುಕೊಡಿ. ಮಳೆಗಾಲದಲ್ಲಿ ಬೆಣ್ಣೆಹಣ್ಣು ಸಿಗುತ್ತದೆ, ಬಾಳೆಹಣ್ಣಿನ ಜೊತೆ ಕಿವುಚಿದರೆ ಒಂದು ವರ್ಷದ ಮಗುವೂ ತಿನ್ನುತ್ತದೆ. ಬಾಳೆಹಣ್ಣು ವರ್ಷವಿಡೀ ಇದ್ದೇ ಇದೆ. ಮಡಿಕೇರಿಯವರಾದರೆ ಶುಕ್ರವಾರದ ಸಂತೆಯಲ್ಲಿ ಬೇಕಾದ್ದೆಲ್ಲ ಒಟ್ಟಿಗೆ ತಂದುಬಿಡಬಹುದು.

ಕುಡಿಯಲು ಕುದಿಸಿ ಆರಿಸಿದ ನೀರು, ಮಜ್ಜಿಗೆ. ಚಳಿ ಇದ್ದರೆ ಏಲಕ್ಕಿ ಹಾಕಿದ ಉಗುರುಬೆಚ್ಚಗಿನ ಹಾಲು. ಪ್ಯಾಷನ್ ಫ್ರೂಟ್ ಶರಬತ್ತನ್ನು ದೊಡ್ಡ ಮಕ್ಕಳಿಗೆ ತೆಳ್ಳಗೆ ಮಾಡಿ ಕೊಡಿ. ಬಾಟಲಿಯ ಬಣ್ಣದ ಪಾನೀಯ ಬೇಡ. ಕಾಫಿ ನಮ್ಮ ಊರಿನ ಬೆಳೆ ನಿಜ, ಆದರೆ ಮಕ್ಕಳ ಲೋಟಕ್ಕಲ್ಲ.

ಜುಲೈ ತಿಂಗಳ ಹುಟ್ಟುಹಬ್ಬ. ಮಳೆ, ಕರೆಂಟ್ ಇಲ್ಲ. ಏನು ಮಾಡಲಿ?

ಕರೆಂಟ್ ಇರುವುದಿಲ್ಲ ಅಂದುಕೊಂಡೇ ಯೋಜನೆ ಮಾಡಿ. ಮಿಕ್ಸಿ ಬೇಕಾದ ಕೆಲಸ ಹಿಂದಿನ ದಿನವೇ ಮುಗಿಯಲಿ. ತರಿ ಅಂಗಡಿಯಿಂದ ಮೊದಲೇ ತಂದಿಡಿ. ಗ್ಯಾಸ್ ಸಿಲಿಂಡರ್ ಎಷ್ಟಿದೆ ನೋಡಿಕೊಳ್ಳಿ. ಚಕ್ಕುಲಿ, ಚಿಪ್ಸ್, ಪೂರಿ ಆ ತೇವಕ್ಕೆ ಕೂಡಲೇ ಮೆತ್ತಗಾಗುತ್ತವೆ, ಹಬೆಯ ತಿಂಡಿಗೆ ಆ ತೊಂದರೆ ಇಲ್ಲ. ಫ್ರಿಜ್ ನಂಬುವಂತಿಲ್ಲದ ಕಾರಣ ಕ್ರೀಮ್ ಇಲ್ಲದ ಕೇಕ್ ತನ್ನಿ. ರಸ್ತೆಗೆ ಮರ ಬಿದ್ದು ಅರ್ಧ ಜನ ಬಾರದಿರಬಹುದು, ಹಾಗಾಗಿ ಬಂದಷ್ಟು ಜನಕ್ಕೆ ಆಗಾಗ ಬೇಯಿಸಿ ಕೊಡುವಂಥ ತಿಂಡಿಯೇ ಒಳ್ಳೆಯದು.

ಎಷ್ಟು ಮೊದಲು ಮಾಡಿಡಬಹುದು? ಉಳಿದದ್ದನ್ನು ಏನು ಮಾಡುವುದು?

ತೆಂಗಿನಕಾಯಿ ತುರಿ, ತರಕಾರಿ ಹೆಚ್ಚುವುದು ಹಿಂದಿನ ರಾತ್ರಿ ಆಗಬಹುದು, ಫ್ರಿಜ್‌ನಲ್ಲಿಡಿ. ಅನ್ನ, ಪುಟ್ಟು, ಮೊಸರನ್ನ ಅದೇ ದಿನ ಮಾಡಿ. ಬೇಯಿಸಿದ ಯಾವ ಅಡುಗೆಯೂ ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಇರಬಾರದು. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮ್ಮ ಚಳಿಯನ್ನು ನಂಬಿ ಹೊರಗಿಡಬೇಡಿ. ಹಾಟ್‌ಬಾಕ್ಸ್ ಇದ್ದರೆ ಕುದಿಬಿಸಿಯಾಗಿಯೇ ತುಂಬಿಸಿ ಮುಚ್ಚಿ.

ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಊಟ ಕಳಿಸುವ ಮನೆಗಳು ಬಹಳ ಇವೆ. ಉಳಿದದ್ದನ್ನು ರಾತ್ರಿ ಕಳಿಸುವ ಬದಲು, ಅವರ ಪಾಲನ್ನು ಲೆಕ್ಕದಲ್ಲಿ ಸೇರಿಸಿ ಬಿಸಿ ಇದ್ದಾಗಲೇ ಮೊದಲು ತೆಗೆದಿಡಿ. ಅಲ್ಲಿನ ಮಕ್ಕಳನ್ನು ಹುಟ್ಟುಹಬ್ಬಕ್ಕೇ ಕರೆದರೆ ಇನ್ನೂ ಒಳ್ಳೆಯದು. ಅದೇ ಚಾಪೆ, ಅದೇ ತಟ್ಟೆ.

ತಟ್ಟೆ, ಲೋಟ ಯಾವುದು?

ಬಾಳೆ ಎಲೆಯ ತುಂಡು, ಅಡಿಕೆ ಹಾಳೆ ತಟ್ಟೆ, ಮನೆಯ ಸ್ಟೀಲ್ ಬಟ್ಟಲು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಾಕೋಲ್ ಇವೆಲ್ಲ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಅಕ್ಕಪಕ್ಕದ ಮನೆಯಿಂದ ಸ್ಟೀಲ್ ಲೋಟ ಎರವಲು ತರುವುದಾದರೆ ತಳಕ್ಕೆ ಬಣ್ಣದ ಟೇಪ್ ಅಂಟಿಸಿ, ವಾಪಸ್ ಕೊಡುವಾಗ ಗೊಂದಲ ಇರುವುದಿಲ್ಲ.

ಅಂಗನವಾಡಿಗೆ, ಶಾಲೆಗೆ ತಿಂಡಿ ಕಳಿಸಬಹುದಾ?

ಟೀಚರ್‌ನ ಮೊದಲು ಕೇಳಿ. ಒಪ್ಪಿದರೆ ಬಾಳೆಹಣ್ಣು ಅಥವಾ ಕಿತ್ತಳೆ ಕಳಿಸಿ. ಕ್ರೀಮ್ ಕೇಕ್ ಬೇಡ.

ನಮ್ಮ ಮಗುವೇ ಆ ದಿನ ಏನೂ ತಿನ್ನುವುದಿಲ್ಲವಲ್ಲ?

ತಿನ್ನುವುದಿಲ್ಲ, ನಿಜ. ಸಂಭ್ರಮದಲ್ಲಿ ಹಸಿವೇ ಗೊತ್ತಾಗುವುದಿಲ್ಲ. ಜನ ಬರುವ ಒಂದು ಗಂಟೆ ಮೊದಲೇ, ಅಡುಗೆಮನೆಯಲ್ಲಿ ಸುಮ್ನೆ ಕೂರಿಸಿಕೊಂಡು, ದಿನಾ ತಿನ್ನುವ ಬಟ್ಟಲಿನಲ್ಲೇ ತಿನ್ನಿಸಿಬಿಡಿ. ಹೊಸ ಬಟ್ಟೆ ಆಮೇಲೆ ಹಾಕಿ.